ಕಾಗುಣಿತವಿಲ್ಲದ ಬಾಗಿಲು

ಮನಾಮಾದ ಹಳೇ ಪೇಟೆಯ ಹಿಂದಿನ ಗಲ್ಲಿಯಲ್ಲಿ
ನಮ್ಮ ಸ್ಟಿಕ್ಕರ್ ಅಂಗಡಿ. ಏಸಿಯ ಕೆಳಗೊಂದು ಬಕೆಟ್ಟು,
ಅದು ತೊಟ್ಟಿಕ್ಕುವುದಕ್ಕೆ.
ಆ ವರ್ಷ ಒಂದು ಹೋಟೆಲಿನಿಂದ ಪಟ್ಟಿ ಬಂತು:
ಪುಶ್, ಸಾಲ್ಟ್, ಬ್ರೆಡ್, ವಾಟರ್, ಎಕ್ಸ್‌ಕ್ಯೂಸ್ ಮಿ…
ನಲವತ್ತೊಂದು ಇಂಗ್ಲಿಷ್ ಮಾತು,
ಗುರುವಾರದೊಳಗೆ ಹೀಬ್ರೂ ಆಗಬೇಕು.

ತಿದ್ದಲು ಬಂದವಳು ಸಿಮ್ಹಾ.
ಅಜ್ಜಿ ಬಸ್ರಾದವಳಂತೆ. ಇವಳ ಅರಬ್ಬಿಯೂ
ಅಜ್ಜಿಯಷ್ಟೇ ಹಳತು.
ನಮ್ಮ ಕಡೆ ಸಿಂಹ ಅಂದರೆ ಗೊತ್ತಾ, ಎಂದು
ಬೆರಳು ಮಡಚಿ ಪಂಜ ತೋರಿಸಿದೆ.
ನಮ್ಮಲ್ಲಿ ಸಂತೋಷ, ಅಂದಳು,
ಸಂತೋಷವೇನೂ ಇಲ್ಲದ ಮುಖದಲ್ಲಿ.
ನಿನ್ನ ಹೆಸರು?
ಶೀನ.
ಆಗ ನಕ್ಕಳು. ಅದೊಂದು ಅಕ್ಷರವಂತೆ,
ಕೊನೆಯದರ ಹಿಂದಿನದು, ಮೂರು ಹಲ್ಲಿನದು.
ಗಂಗೊಳ್ಳಿ ಶಾಲೆಯಲ್ಲಿ ಅಕ್ಷರ ತಲೆಗೆ ಹತ್ತದೆ
ಒಂದೇ ಕ್ಲಾಸಿನಲ್ಲಿ ಮೂರು ವರ್ಷ ಕೂತವನು ನಾನು.

ಉಪ್ಪು ಸಲೀಸಾಗಿ ದಾಟಿತು.
ನಾನು ಅರಬ್ಬಿಯಲ್ಲಿ ಮಿಲ್ಹ್ ಅನ್ನುವಷ್ಟರಲ್ಲಿ ಅವಳು ಮೆಲಹ್ ಅಂದಳು;
ಅಕ್ಕತಂಗಿಯರ ಮಕ್ಕಳ ಹಾಗೆ, ಮೂಗು ಒಂದೇ.
ಎಡವಿದ್ದು ಬ್ರೆಡ್ಡಿನಲ್ಲಿ.
ಅವಳು ಲೆಹೆಮ್ ಅಂದದ್ದು ನನಗೆ ಲಹಮ್ ಅಂತ ಕೇಳಿ
ಪಕ್ಕದಲ್ಲೊಂದು ಆಡಿನ ತೊಡೆಯ ಚಿತ್ರ ಕೂರಿಸಿದ್ದೆ.
ಇವರ ಮಾಂಸ ನಿಮ್ಮ ರೊಟ್ಟಿ ಆದದ್ದು ಹೇಗೆ?
ಯಾರಿಗೋ ಹಸಿವಾಗಿತ್ತು, ಅಂದಳು,
ಕೈಗೆ ಸಿಕ್ಕಿದ್ದಕ್ಕೆ ಆ ಹೆಸರು.
ಮೀನಿಲ್ಲದ ದಿನ ನನ್ನ ಅಮ್ಮ
ಗಂಜಿ ಬಡಿಸುತ್ತಲೇ ಇವತ್ತು ಊಟ ಇಲ್ಲ ಅನ್ನುತ್ತಿದ್ದಳು.
ಹೇಳೋಣವೆಂದುಕೊಂಡೆ. ಹೇಳಲಿಲ್ಲ.

ನೀರಿಗೆ ಏಕವಚನವೇ ಇಲ್ಲವಂತೆ.
ಒಂದು ಲೋಟದಲ್ಲಿದ್ದರೂ ಮಾಯಿಮ್, ಬಹುವಚನ.
ಮುಖವೂ ಹಾಗೆಯೇ, ಒಬ್ಬನದಾದರೂ ಹಲವು.
ಬೆಳಗಿನ ಐದಕ್ಕೆ ಒಂದೇ ನಲ್ಲಿಯ ಮುಂದೆ
ಏಳು ಜನರ ಸಾಲಿನಲ್ಲಿ ನಿಲ್ಲುವವನಿಗೆ
ಇದನ್ನೇನೂ ಬಿಡಿಸಿ ಹೇಳಬೇಕಾಗಿಲ್ಲ.

ಎಕ್ಸ್‌ಕ್ಯೂಸ್ ಮಿ: ಸ್ಲೀಹಾ.
ನಿಮ್ಮೂರಲ್ಲಿ?
ಹ್ವಾಯ್, ಅಂದೆ.
ಇನ್ನೊಮ್ಮೆ ಅನ್ನಿಸಿ ಕೇಳಿದಳು.
ಬಸ್ಸಿನಲ್ಲಿ ದಾರಿ ಬಿಡಿಸಲು, ದೋಣಿಯವನನ್ನು ಕರೆಯಲು,
ಕೊಟ್ಟ ಸಾಲ ನೆನಪಿಸಲು, ಎಲ್ಲಕ್ಕೂ ಅದೊಂದೇ ಮಾರಾಯ್ರೆ.
ಬಿಲ್ಲಿನ ಬೆನ್ನಿಗೆ ಬಲದಿಂದ ಎಡಕ್ಕೆ
ಮೂರಕ್ಷರ ಗೀಚಿ, ತಾನೇ ಓದಿದಳು: ಹೋಯ್.
ಹಳೆಯ ಕಾಲದಲ್ಲಿ ಊರು ಹಾಳಾದಾಗ
ಹೀಗೇ ಕೂಗುತ್ತಿದ್ದರು, ಅಂದಳು.
ಏಸಿ ಬಕೆಟ್ಟಿಗೆ ಎರಡು ಹನಿ ಹಾಕಿತು.

ಇವರ ಬರಹಕ್ಕೆ ನಮ್ಮಂಥ ಕಾಗುಣಿತ ಇಲ್ಲ.
ಗುಡಿಸು, ಕೊಂಬು, ತಲೆಕಟ್ಟು
ಬಹುಪಾಲು ಓದುವವನ ಬಾಯಲ್ಲೇ.
ನೂಕು ಅನ್ನುವುದಕ್ಕೆ ದಹೋಫ್, ನಾಲ್ಕಕ್ಷರ.
ಅದೇ ನಾಲ್ಕನ್ನು ದಹೂಫ್ ಅಂತ ಓದಿದರೆ
ತುರ್ತು.
ಗಿರಾಕಿಗೆ ಗೊತ್ತಾಗುವುದು ಹೇಗೆ?
ಬಾಗಿಲ ಮೇಲಿದ್ದರೆ ನೂಕುತ್ತಾನೆ,
ಲಕೋಟೆಯ ಮೇಲಿದ್ದರೆ ಓಡುತ್ತಾನೆ.
ನನಗೆ ಬಂದ ಲಕೋಟೆಗಳು ನೆನಪಾದವು.
ಓಡಲು ರಜೆ ಬೇಕಿತ್ತು.

ಆಮೇಲಿನ ಒಂದು ಅಕ್ಟೋಬರಿನಲ್ಲಿ ಆರ್ಡರ್ ನಿಂತಿತು.
ಸೇಠ್ ಕಾರಣ ಹೇಳಲಿಲ್ಲ,
ಟೀವಿ ಹೇಳುತ್ತಲೇ ಇತ್ತು.
ಸಿಮ್ಹಾಳ ನಂಬರು ಒಂದು ಗೀಟಿನಲ್ಲೇ ನಿಂತಿದೆ.
ಮಿಕ್ಕ ರೋಲುಗಳನ್ನು ಕಪಾಟಿನ ತಳಕ್ಕೆ ತುರುಕುವಾಗ
ಎರಡು ಹರಿದುಕೊಂಡು ಬಂದೆ.

ಒಂದು ರೂಮಿನ ಉಪ್ಪಿನ ಡಬ್ಬಿಗೆ.
ಇನ್ನೊಂದು ಕಕ್ಕಸಿನ ಬಾಗಿಲಿಗೆ.
ಸಿಲ್ಹೆಟ್ಟಿನ ಮೊತಾಲಿಬ್ ಕೇಳಿದ, ಏನಿದು?
ತುರ್ತು ಅಂತ, ಅಂದೆ.
ಏಳೂ ಜನ ಒಪ್ಪಿದರು.
ನಿಜಕ್ಕೂ ಅದು ಎಳೆಯುವ ಬಾಗಿಲು.

ಬಿಲ್ಲಿನ ಚೂರು ಪರ್ಸಿನಲ್ಲಿದೆ, ಮಡಿಕೆ ಬಿದ್ದಲ್ಲಿ
ನಡುವಿನ ಅಕ್ಷರ ಮಾಸಿದೆ.
ನಾನು ಅದನ್ನು ಹ್ವಾಯ್ ಅಂತಲೇ ಓದುತ್ತೇನೆ.